ಅಪ್ಪನ ಎಡೆಗೆ ಕಂಪನಿ ಸಿಗರೇಟು

ಕಿರಾಣಿ ಅಂಗಡಿಯಲ್ಲಿ ಕೂತವರಿಗೆ ಊರಿನ ಜನರ ಮೇಲೆ ಗೌರವ ಉಳಿಯುವುದು ಕಷ್ಟ. ನ್ಯಾಮತಿಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನಮ್ಮದೊಂದು ಅಂಗಡಿ ಇದೆ. ಮನೆಯವರು ಸಾಮಾನು ತರಲು ಹೋದಾಗೆಲ್ಲ ಗಲ್ಲಾದ ಮುಂದೆ ಕೂರುವವಳು ನಾನು. ಅಲ್ಲಿ ಕೂತು ಕೂತು ನನಗೆ ತಿಳಿದದ್ದು ಇಷ್ಟೇ: ನಮ್ಮ ಜನ ಒಬ್ಬೊಬ್ಬರೂ ಎರಡೆರಡು ಸಂಸಾರ ನಡೆಸುತ್ತಾರೆ. ಗಾಬರಿಯಾಗಬೇಡಿ, ಆ ಅರ್ಥದಲ್ಲಿ ಅಲ್ಲ. ಒಂದು ತಾವು ಬದುಕುವ ಸಂಸಾರ, ಇನ್ನೊಂದು ಬೇರೆಯವರ ಕಣ್ಣಿಗೆ ಬೀಳಬೇಕಾದ ಸಂಸಾರ. ಎರಡಕ್ಕೂ ಸಾಮಾನು ನಮ್ಮ ಅಂಗಡಿಯಿಂದಲೇ ಹೋಗುತ್ತದೆ.

ಹಿಂದಿನ ಬೀದಿಯ ಒಬ್ಬಾಕೆ ದಿನದ ಬಳಕೆಗೆ ಬಿಡಿ ಚಹಾಪುಡಿ ತೂಗಿಸಿಕೊಳ್ಳುತ್ತಾಳೆ. ಅದರ ಜೊತೆಗೆ ಟೀವಿಯಲ್ಲಿ ಬರುವ ಕಂಪನಿಯದೊಂದು ಪುಟ್ಟ ಪೊಟ್ಟಣ. "ಇದು ಬಂದೋರಿಗೆ ರೀ" ಎಂದು ನಾನು ಕೇಳದಿದ್ದರೂ ಹೇಳುತ್ತಾಳೆ. ಸೋಪಿನಲ್ಲಿ 'ಬಂದೋರ ಸೋಪು' ಎಂಬ ಜಾತಿಯೇ ಬೇರೆ ಇದೆ. ನೆಂಟರು ಬರುವ ಸುದ್ದಿ ಬಂತೆಂದರೆ ಬಚ್ಚಲಿನ ಸವೆದ ಸೋಪಿನ ಚೂರು ಅಡಗಿಕೊಳ್ಳುತ್ತದೆ, ಗುಲಾಬಿ ಬಣ್ಣದ ಕಂಪನಿ ಸೋಪು ಹೊರಗೆ ಬರುತ್ತದೆ. ನೆಂಟರು ಬಸ್ಸು ಹತ್ತಿದ ಮೇಲೆ ಅದನ್ನು ಒರೆಸಿ, ನೆರಳಲ್ಲಿ ಒಣಗಿಸಿ, ಮತ್ತೆ ಅದರ ಕಾಗದದಲ್ಲೇ ಸುತ್ತಿಡುತ್ತಾರೆ. ಒಬ್ಬ ಮೇಷ್ಟ್ರ ಹೆಂಡತಿ ಬಿಡಿ ಎಣ್ಣೆ ಕೊಳ್ಳಲು ತರುವುದು ದೊಡ್ಡ ಕಂಪನಿಯ ಖಾಲಿ ಬಾಟಲಿಯನ್ನು. ಎಣ್ಣೆ ಚೆಲ್ಲಿ ಅದರ ಮೇಲಿನ ಚೀಟಿ ಹಾಳಾಗಬಾರದು ಎಂದು ನನಗೆ ಎಚ್ಚರಿಕೆ ಹೇಳುತ್ತಾಳೆ. ಇನ್ನೊಬ್ಬರು ಊರಿನ ಮುಖಂಡರು. ಅವರ ಬಿಳಿ ಅಂಗಿಯ ಜೇಬಿನೊಳಗೆ ದುಬಾರಿ ಸಿಗರೇಟಿನ ಪ್ಯಾಕು ಹೊರಗೆ ಕಾಣುವ ಹಾಗೆ ಇರುತ್ತದೆ. ಅದರೊಳಗೆ ಇರುವುದು ಬೀಡಿ. ತುಂಬಿಸಿ ಕೊಟ್ಟವಳೇ ನಾನು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಗಾದೆಯನ್ನು ನಮ್ಮ ಕಡೆ ಬೇರೆಯವರನ್ನು ಬೈಯಲು ಮಾತ್ರ ಬಳಸುತ್ತಾರೆ. ಮೊದಮೊದಲು ಇದೆಲ್ಲ ನೋಡಿ ನಗು ಬರುತ್ತಿತ್ತು. ಮನೆಯವರೂ ನಾನೂ ರಾತ್ರಿ ಊಟಕ್ಕೆ ಕೂತಾಗ ಹೇಳಿಕೊಂಡು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ, ಅಸಹ್ಯವಾಗುತ್ತದೆ. 'ಬಂದೋರಿಗೆ' ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಬಾಯಲ್ಲಿ ಕಹಿ ಏಳುತ್ತದೆ. ಹೀಗಾದದ್ದು ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬದಲ್ಲಿ, ಹೊನ್ನಾಳಿಯ ನನ್ನ ತವರುಮನೆಯಲ್ಲಿ.

ಅಪ್ಪ ಜಗಳೂರು ತಾಲೂಕಿನ ಸೊಕ್ಕೆಯವನು. ಮದುವೆಗೆ ಮುಂಚೆಯೇ ಹೊನ್ನಾಳಿಗೆ ಬಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಭತ್ತದ ಊರಿನಲ್ಲಿ ಅಷ್ಟು ವರ್ಷ ಇದ್ದರೂ ಜೋಳದ ರೊಟ್ಟಿ ಬಿಡಲಿಲ್ಲ, ನೀಲಿ ದಾರದ ಬೀಡಿಯನ್ನೂ ಬಿಡಲಿಲ್ಲ. ಆ ಬೀಡಿ ಅವನ ಊರಿನ ಕಡೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತಿತ್ತು, ಹೊನ್ನಾಳಿಯಲ್ಲಿ ಹುಡುಕಬೇಕಿತ್ತು. ನನ್ನ ಮದುವೆಯಾಗಿ ನಾವು ಅಂಗಡಿ ಹಾಕಿದ ಮೇಲೆ ಅವನಿಗಾಗಿಯೇ ತರಿಸಿ ಇಡುತ್ತಿದ್ದೆವು. ಬೀಡಿಯನ್ನು ನಾನು ಹೊಗಳುತ್ತಿಲ್ಲ. ಅದರ ವಾಸನೆ ನನಗೆ ಆಗುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಅಪ್ಪ ಕೆಮ್ಮುತ್ತಿದ್ದ ಕೆಮ್ಮು, ಬಚ್ಚಲ ಮೂಲೆಯಲ್ಲಿ ಉಗಿಯುತ್ತಿದ್ದ ಕಫ, ಕಿಟಕಿ ಕಟ್ಟೆಯ ಮೇಲಿನ ಮೋಟು ಬೀಡಿಗಳು, ಎಲ್ಲ ಹೇಸಿಗೆಯೇ. ಕೊನೆಗೆ ಅವನ ಎದೆ ಸುಟ್ಟಿದ್ದೂ ಅದೇ. ಆದರೆ ಅವನು ಅದನ್ನು ಯಾರಿಗೂ ತೋರಿಸಲೆಂದು ಸೇದಲಿಲ್ಲ, ಯಾರಿಂದಲೂ ಮುಚ್ಚಿಡಲಿಲ್ಲ.

ಗಿರಣಿ ಮಾಲೀಕರು ಖುಷಿಯಾದಾಗ ಒಮ್ಮೊಮ್ಮೆ ಅವನಿಗೆ ಸಿಗರೇಟು ಕೊಡುತ್ತಿದ್ದರಂತೆ. ಬೇಡ ಅನ್ನದೆ ಕಿವಿಯ ಮೇಲೆ ಸಿಕ್ಕಿಸಿಕೊಂಡು ಬಂದು, ಹಾದಿಯಲ್ಲಿ ಕಂಡ ಹಮಾಲರಿಗೆ ಕೊಟ್ಟುಬಿಡುತ್ತಿದ್ದ. ಯಾಕೆ ಎಂದು ನಾನು ಕೇಳಿದ್ದೆ. "ಅದನ್ನ ಸೇದಿದ್ರೆ ಯಾರದೋ ಅಂಗಿ ಹಾಕ್ಕಂಡಂಗೆ ಆಗ್ತೈತೆ ಕಣವ್ವಾ. ಇದು ಸೇದಿದ್ರೆ ನಾನು ಸೊಕ್ಕೆಯೋನು ಅನ್ನಿಸ್ತೈತೆ" ಎಂದಿದ್ದ. ಅದೂ ಒಂದು ಬಗೆಯ ಠೀವಿಯೇ ಇರಬಹುದು. ಬೀಡಿ ಕಂಪನಿಯವರು ಕೇಳಿಸಿಕೊಂಡಿದ್ದರೆ ಈ ಮಾತನ್ನು ಗೋಡೆಗೆ ಬರೆಸುತ್ತಿದ್ದರು.

ಅಣ್ಣನ ಕಥೆ ಬೇರೆ. ಅವನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ಮೇಷ್ಟ್ರು ಅವನ ಅಂಗಿ ಮೂಸಿ ನೋಡಿ, ಬೀಡಿ ಸೇದಿ ಬಂದಿದ್ದಾನೆ ಎಂದು ತರಗತಿಯೆದುರೇ ಕಪಾಳಕ್ಕೆ ಬಾರಿಸಿದ್ದರು. ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಇದ್ದದ್ದು ಅಪ್ಪ ಕೂತು ಸೇದುವ ಜಾಗದಲ್ಲೇ. ಅದಾದ ಮೇಲೆ ಅಣ್ಣ ತನ್ನ ಬಟ್ಟೆಯನ್ನು ತಾನೇ ಒಗೆದು ಪಕ್ಕದ ಮನೆಯವರ ಹಿತ್ತಲಿನಲ್ಲಿ ಒಣಹಾಕುತ್ತಿದ್ದ. ಇದು ನನಗೆ ನೆನಪಿದೆ, ಅವನಿಗಾದ ಅವಮಾನ ನನಗೆ ಅರ್ಥವಾಗುತ್ತದೆ. ಅರ್ಥವಾದರೆ ಹೇಸಿಗೆ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಅಣ್ಣ ಸೈಟು ಮಾರುವ, ಕೊಡಿಸುವ ವ್ಯವಹಾರದಲ್ಲಿದ್ದಾನೆ. ನಾಲ್ಕು ಕಾಸು ಕಂಡಿದ್ದಾನೆ. ಏನೇ ಕೊಟ್ಟರೂ ಮೊದಲು "ಯಾವ ಕಂಪನೀದು?" ಎನ್ನುತ್ತಾನೆ. ಅಂಗಿ, ಚಪ್ಪಲಿ, ಕನ್ನಡಕ, ಕುಡಿಯುವ ನೀರು, ಎಲ್ಲಕ್ಕೂ ಒಂದು ಹೆಸರು ಬೇಕು. ಆ ಹೆಸರು ಹೊರಗೆ ಕಾಣಬೇಕು. ಒಮ್ಮೆ ಅವನು ಬಂದಾಗ ನಮ್ಮ ಬಿಡಿ ಚಹಾಪುಡಿಯದೇ ಚಹಾ ಮಾಡಿ, ಕಂಪನಿಯದು ಎಂದು ಸುಳ್ಳು ಹೇಳಿ ಕೊಟ್ಟೆ. "ನೋಡು, ಕುಡಿದ್ರೆ ಗೊತ್ತಾಗಿಬಿಡ್ತೈತೆ" ಎಂದು ಹೊಗಳುತ್ತಾ ಕುಡಿದ. ನಾನು ಇನ್ನರ್ಧ ಲೋಟ ಬಗ್ಗಿಸಿದೆ.

ಅಪ್ಪ ತೀರಿಕೊಂಡ ವರ್ಷವೇ ಅಣ್ಣನ ಮಗಳಿಗೆ ಚನ್ನಗಿರಿಯ ಕಡೆ ಸಂಬಂಧ ಗೊತ್ತಾಯಿತು. ಅಡಿಕೆ ವ್ಯಾಪಾರದ ಮನೆತನ, ದೊಡ್ಡ ಹೆಸರು. ನಿಶ್ಚಿತಾರ್ಥ ಮುಗಿದಿತ್ತು, ಮದುವೆ ಬಾಕಿ ಇತ್ತು. ಅಂದಿನಿಂದ ಅಣ್ಣ ಮನೆಯನ್ನೇ ಒಂದು ಅಂಗಡಿಯ ಗಾಜಿನ ಕಪಾಟು ಮಾಡಿಬಿಟ್ಟ. ಬೀಗರು ಯಾವಾಗ ಬರುತ್ತಾರೋ, ಏನು ನೋಡುತ್ತಾರೋ ಎಂಬ ಭಯ. ಹಳೆಯ ಕುರ್ಚಿ ಹೋದವು, ಅವ್ವನ ಹಿತ್ತಾಳೆ ಚೊಂಬು ಅಟ್ಟ ಸೇರಿತು. ಹಿರಿಯರ ಹಬ್ಬಕ್ಕೆ ಬೀಗರನ್ನು ಕರೆದಿದ್ದೇನೆ ಎಂದು ಅವನು ಫೋನ್ ಮಾಡಿ ಹೇಳಿದಾಗಲೇ ನನಗೆ ಏನೋ ಎಡವಟ್ಟು ಕಾದಿದೆ ಅನ್ನಿಸಿತು.

ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರ ಫೋಟೋ ಮುಂದೆ ಹೊಸ ಬಟ್ಟೆ ಇಟ್ಟು, ಬಾಳೆ ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತೇವೆ. ಅಡುಗೆ ಒಂದೇ ಅಲ್ಲ. ಎಲೆ ಅಡಿಕೆ ಹಾಕುತ್ತಿದ್ದವರಿಗೆ ಎಲೆ ಅಡಿಕೆ, ನಶ್ಯ ಏರಿಸುತ್ತಿದ್ದವರಿಗೆ ನಶ್ಯ. ಪೂಜೆಯಾದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ ಎಂದು ನಂಬಿಕೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಬಾಗಿಲು ತೆಗೆದು ಒಳಗೆ ಹೋಗುತ್ತೇವೆ. ಆಮೇಲೆ ನಮ್ಮ ಊಟ. ಸತ್ತ ವರ್ಷದ ಮೊದಲ ಎಡೆಗೆ ಬಹಳ ಮಹತ್ವ. ಆ ಸಲ ತೃಪ್ತಿಯಾಗದೆ ಹೋದವರು ಮತ್ತೆ ಆ ಮನೆಯ ಕಡೆ ತಿರುಗಿ ನೋಡುವುದಿಲ್ಲ ಎಂದು ನಮ್ಮ ಅವ್ವ ಚಿಕ್ಕಂದಿನಿಂದ ಹೇಳುತ್ತಿದ್ದಳು.

ಹಬ್ಬಕ್ಕೆ ಮುಂಚೆ ಅವ್ವನ ಫೋನು ಬಂತು. ಅವಳು ಫೋನಿನಲ್ಲಿ ಯಾವಾಗಲೂ ಕೂಗಿ ಮಾತಾಡುತ್ತಾಳೆ. ಅವತ್ತು ದನಿ ತಗ್ಗಿಸಿದ್ದಳು.

"ಬರುವಾಗ ಒಂದು ಕಟ್ಟು ಬೀಡಿ ತಾ ತಾಯಿ. ನೀಲಿ ದಾರದ್ದು. ನಿಮ್ಮಣ್ಣಗೆ ಹೇಳಾಕೆ ಹೋಗಬ್ಯಾಡ."

"ಯಾಕವ್ವಾ, ಅವನು ತರಲ್ವಾ?"

"ಅವ್ನು ಬೇರೆ ಏನೋ ತಂದಿಟ್ಟಾನೆ. ಅದು ನಿಮ್ಮಪ್ಪಗೆ ಆಗಲ್ಲ. ಮೊದಲ್ನೇ ಎಡೆ ಐತೆ. ಈ ಸಲ ಅವ್ರು ಹಂಗೇ ಎದ್ದು ಹೋದ್ರೆ ನಾನು ಏನು ಮಾಡ್ಲಿ ಹೇಳು."

ನಾನು ಒಂದು ಕಟ್ಟನ್ನು ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡು ಹೊನ್ನಾಳಿಯ ಬಸ್ಸು ಹತ್ತಿದೆ. ಅಪ್ಪ ಬದುಕಿದ್ದಾಗ ಅದೇ ಬೀಡಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗುತ್ತಿದ್ದೆ. ಸತ್ತ ಮೇಲೆ ಅದು ಕಳ್ಳಮಾಲು ಆಗಿತ್ತು.

ಮನೆಗೆ ಹೋಗಿ ನೋಡಿದರೆ ನಡುಮನೆಯ ಗೋಡೆಗೆ ಒರಗಿಸಿದ ಫೋಟೋದಲ್ಲಿ ಅಪ್ಪ ಕೋಟು ಹಾಕಿ ಟೈ ಕಟ್ಟಿದ್ದ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಅಪ್ಪನ ತಲೆಯನ್ನು ಯಾರದೋ ಮೈಗೆ ಅಂಟಿಸಿ, ಹಲ್ಲು ಬೆಳ್ಳಗೆ ಮಾಡಿ, ಹಿಂದೆ ನೀಲಿ ಪರದೆ ಬಿಟ್ಟಿದ್ದರು. ಜೀವಮಾನವಿಡೀ ತೋಳಿನ ಬನಿಯನ್ನು, ಪಂಚೆ, ಹೆಗಲ ಮೇಲೊಂದು ಟವೆಲಿನಲ್ಲಿ ಕಳೆದ ಮನುಷ್ಯ. ಅವ್ವ ನನ್ನ ಪಕ್ಕ ಬಂದು ನಿಂತು, "ಬ್ಯಾಂಕಿನ ಸಾಹೇಬ್ರ ಹಂಗೆ ಮಾಡಿಟ್ಟಾರೆ ನೋಡು" ಎಂದಳು. ನಗುತ್ತಾಳೇನೋ ಎಂದುಕೊಂಡೆ, ನಗಲಿಲ್ಲ. "ಬಂದ್ರೆ ಗುರುತಾದ್ರೂ ಹಿಡೀಬೇಕಲ್ಲ ಅವ್ರು, ಇದು ತಮ್ಮ ಎಡೆ ಅಂತ."

ಎಡೆಯ ಜಾಗವೂ ಹಾಗೇ ಇತ್ತು. ಪಂಚೆ ಟವೆಲಿನ ಬದಲು ಡಬ್ಬಿಯಲ್ಲಿ ಬರುವ ರೆಡಿಮೇಡ್ ಶರ್ಟು, ಡಬ್ಬಿ ಸಮೇತ, ಹೆಸರು ಮೇಲೆ ಬರುವ ಹಾಗೆ. ಚೊಂಬಿನ ನೀರಿನ ಜಾಗದಲ್ಲಿ ಕಂಪನಿಯ ನೀರಿನ ಬಾಟಲಿ, ಮುಚ್ಚಳ ತೆಗೆಯದೆ. ಸತ್ತವನು ಬಂದು ಮುಚ್ಚಳ ಮುರಿದು ಕುಡಿಯಬೇಕು! ಅದರ ಪಕ್ಕದಲ್ಲಿ, ಬೆಳ್ಳಿ ತಟ್ಟೆಯಲ್ಲಿ, ಸಿಗರೇಟಿನ ಪ್ಯಾಕು. ನಮ್ಮ ಅಂಗಡಿಯಲ್ಲಿ ನಾವು ಆ ಜಾತಿಯನ್ನು ತರಿಸುವುದೇ ಇಲ್ಲ, ಕೊಳ್ಳುವವರಿಲ್ಲ. ಅದಕ್ಕೂ ಗಂಧ ಹಚ್ಚಿ ಹೂವು ಏರಿಸಿದ್ದರು.

ಬೀಗರು ಇನ್ನೂ ಬಂದಿರಲಿಲ್ಲ. ಅವ್ವ ಮೆಲ್ಲಗೆ ಮಾತು ತೆಗೆದಳು. "ಮಗಾ, ಅದರ ಮಗ್ಗಲಿಗೆ ಎರಡು ಬೀಡಿ ಇಡನ. ಹೂವಿನ ಮರೆಗೆ ಇಡ್ತೀನಿ. ಯಾರ ಕಣ್ಣಿಗೂ ಬೀಳಲ್ಲ."

ಅಣ್ಣ ಒಮ್ಮೆಲೇ ಉರಿದುಬಿದ್ದ. "ಬೀಡಿ ಸೇದಿ ಸೇದಿ ಸತ್ತ ಮನುಷ್ಯನಿಗೆ ಬೀಡೀನೇ ಇಡಬೇಕಾ? ಅದರಿಂದ್ಲೇ ಅಲ್ವಾ ಹೋಗಿದ್ದು?"

"ಹಂಗಾದ್ರೆ ಸಿಗರೇಟು ಏನು ಟಾನಿಕ್ಕಾ?" ಎಂದೆ ನಾನು. ನನ್ನ ಬಾಯಿ ನಿಲ್ಲುವುದಿಲ್ಲ.

"ನೀನು ಸುಮ್ನಿರು. ನಿಂಗೆ ಗೊತ್ತಾಗಲ್ಲ. ಚನ್ನಗಿರಿಯಿಂದ ಅವ್ರು ಬಂದು ನೋಡಿದ್ರೆ ಏನಂತಾರೆ? ಹಮಾಲರ ಮನೆಯಿಂದ ಹೆಣ್ಣು ತರ್ತಿದೀವಿ ಅನ್ನಲ್ವಾ?"

ಅತ್ತಿಗೆ ಅಡುಗೆಮನೆಯಿಂದಲೇ, "ಹೋಗ್ಲಿ ಬಿಡ್ರಿ ಅತ್ತೆ, ಮಾವ ಈಗ ದೊಡ್ಡೋರಾಗ್ಯಾರೆ, ಅವ್ರಿಗೆ ದೊಡ್ಡದೇ ಇರ್ಲಿ" ಎಂದಳು. ಅವ್ವ ನನ್ನನ್ನು ಹಿತ್ತಲಿಗೆ ಕರೆದು ಕೈ ಚಾಚಿದಳು. ಬೀಡಿಯ ಕಟ್ಟನ್ನು ಕೊಟ್ಟೆ. ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಎಲ್ಲೋ ಎಲೆಯ ಕೆಳಗೆ ಸಿಕ್ಕಿಸುತ್ತಾಳೆ, ಅಷ್ಟಕ್ಕೆ ಸಮಾಧಾನವಾಗುತ್ತದೆ ಎಂದುಕೊಂಡೆ.

ಬೀಗರು ಕಾರಿನಲ್ಲಿ ಬಂದರು. ಗಂಡ ಹೆಂಡತಿ ಇಬ್ಬರೇ. ಅವರು ಕೆಟ್ಟವರೇನೂ ಅಲ್ಲ, ಇದನ್ನು ಹೇಳಲೇಬೇಕು. ಅವರು ಬಂದ ಗಳಿಗೆಯಿಂದ ಅಣ್ಣನ ಮಾತೇ ಬದಲಾಯಿತು. ನಮ್ಮ ಜೊತೆ 'ಐತೆ' ಎನ್ನುವವನು ಅವರ ಜೊತೆ 'ಇದೆ' ಎನ್ನುತ್ತಿದ್ದ. ಬೀಗರು ಎಡೆಯ ಮುಂದೆ ಕೈಮುಗಿದು ನಿಂತರು. ಬೀಗಿತಿಯ ಕಣ್ಣು ಶರ್ಟಿನ ಡಬ್ಬಿಯ ಮೇಲೆ ಹೋಯಿತು, ಬಾಟಲಿಯ ಮೇಲೆ ಹೋಯಿತು, ಬೆಳ್ಳಿ ತಟ್ಟೆಯ ಮೇಲೆ ನಿಂತಿತು. ಅದನ್ನು ಅಣ್ಣ ನೋಡಿದ. ಅವನು ನೋಡುತ್ತಿದ್ದದ್ದೇ ಅದನ್ನು. ಅಪ್ಪನ ಮುಖವನ್ನು ಅವನು ಆ ದಿನ ಒಮ್ಮೆಯಾದರೂ ನೋಡಿದ್ದನೋ ಇಲ್ಲವೋ ಕಾಣೆ.

ಪೂಜೆಯಾಯಿತು. ಧೂಪ ಹಾಕಿ, ಕಾಯಿ ಒಡೆದು, ಎಲ್ಲರೂ ಅಡ್ಡಬಿದ್ದೆವು. "ಬರ್ರಿ ಬರ್ರಿ, ಹೊರಗೆ ಬರ್ರಿ" ಎಂದು ಅತ್ತಿಗೆ ಎಲ್ಲರನ್ನೂ ಪಡಸಾಲೆಗೆ ಕಳಿಸಿದಳು. ಅಣ್ಣ ನಡುಮನೆಯ ಬಾಗಿಲು ಮುಚ್ಚಿದ. ಅವ್ವ ಕಾಣಲಿಲ್ಲ. ಅಡುಗೆಮನೆಯಲ್ಲಿ ಇರಬೇಕು ಎಂದುಕೊಂಡೆ. ಗಂಡ ಸತ್ತವಳು ಇಂಥ ಹೊತ್ತಿನಲ್ಲಿ ಎಲ್ಲಾದರೂ ಮೂಲೆಯಲ್ಲಿ ಇರುತ್ತಾಳೆ ಎಂದು ಎಲ್ಲರೂ ತಿಳಿದಿರುತ್ತಾರೆ, ಯಾವ ಮೂಲೆ ಎಂದು ಯಾರೂ ನೋಡುವುದಿಲ್ಲ.

ಪಡಸಾಲೆಯಲ್ಲಿ ಸುಮ್ಮನೆ ಕೂರಬೇಕಾದ ಹೊತ್ತು ಅದು. ಹಿರಿಯರು ಉಣ್ಣುವಾಗ ನಾವು ಗದ್ದಲ ಮಾಡಬಾರದು. ಆದರೆ ಬೀಗರು ಸೌಜನ್ಯಕ್ಕೆಂದು ಒಂದು ಮಾತು ತೆಗೆದರು. "ಯಜಮಾನ್ರು ಸಿಗರೇಟು ಸೇದ್ತಿದ್ರು ಅಂತ ಕಾಣ್ತೈತೆ."

ಅಣ್ಣ ನೆಟ್ಟಗೆ ಕೂತ. "ಹೌದು ರೀ. ಆದರೆ ಸಿಕ್ಕಿದ್ದೆಲ್ಲ ಮುಟ್ಟೋರಲ್ಲ. ಅದೊಂದೇ ಬ್ರಾಂಡು. ಊಟ ಆದ್ಮೇಲೆ ಒಂದು, ಅಷ್ಟೇ. ಗಿರಣಿ ಲೆಕ್ಕ ಪತ್ರ ಎಲ್ಲ ಅವರ ಕೈಯಲ್ಲೇ ಇತ್ತಲ್ಲ, ಮಾಲೀಕರು ತಮ್ಮ ಜೊತೆಯಲ್ಲೇ ಕೂರಿಸಿಕೊಂಡು ಸೇದೋರು."

"ದೊಡ್ಡ ಮನುಷ್ಯರು ಬಿಡ್ರಿ" ಎಂದರು ಬೀಗರು.

ಅಪ್ಪನಿಗೆ ಸಹಿ ಹಾಕಲು ಬರುತ್ತಿತ್ತು, ಅಷ್ಟೇ. ಗಿರಣಿಯ ಯಂತ್ರದ ಮುಂದೆ ನಿಂತು ನಿಂತು ಅವನ ಕಿವಿ ಮಂದವಾಗಿತ್ತು, ತೌಡಿನ ದೂಳು ತಲೆಯಿಂದ ಹೋಗುತ್ತಲೇ ಇರಲಿಲ್ಲ. ಆ ದೂಳಿನಲ್ಲೇ ಈ ಮಗ ಓದಿದ, ಉಂಡ, ಮೀಸೆ ಬೆಳೆಸಿದ. ಈಗ ಮುಚ್ಚಿದ ಬಾಗಿಲಿನ ಆಚೆ ಅಪ್ಪ ಬಂದು ಕೂತಿದ್ದರೆ, ಈಚೆ ಮಗ ಅವನನ್ನು ಇಲ್ಲವೆನ್ನಿಸುತ್ತಿದ್ದ. ಎಂಜಲು ಒರೆಸಿದ ಹಾಗೆ ಒರೆಸುತ್ತಿದ್ದ. ನಾನು ಆ ಕ್ಷಣ ಅಣ್ಣನನ್ನು ನೋಡಿದ ಹಾಗೆ ಚರಂಡಿಯನ್ನೂ ನೋಡಿದವಳಲ್ಲ. ಎದ್ದು ನಿಂತು ನಿಜ ಹೇಳಿಬಿಡಬೇಕು ಎನ್ನಿಸಿತು. ಅಷ್ಟರಲ್ಲಿ ಬೀಗಿತಿ ಮೂಗು ಮುದುಡಿ, "ಏನೋ ಬೀಡಿ ವಾಸನೆ ಬರ್ತೈತಲ್ಲ?" ಎಂದಳು.

"ರಸ್ತೆ ಕಡೆಯಿಂದ ಇರಬೇಕು ರೀ" ಎಂದು ಅಣ್ಣ ಕಿಟಕಿ ಮುಚ್ಚಲು ಎದ್ದ. ಕಿಟಕಿ ಮುಚ್ಚಿದ ಮೇಲೆ ವಾಸನೆ ಹೆಚ್ಚಾಯಿತು. ನಡುಮನೆಯೊಳಗಿಂದ ಕೆಮ್ಮು ಕೇಳಿಸಿತು. ಅತ್ತಿಗೆ ಹೆದರಿ ನನ್ನ ಕೈ ಹಿಡಿದುಕೊಂಡಳು. ಅಣ್ಣ ಸದ್ದು ಮಾಡುವ ಶಾಸ್ತ್ರವನ್ನೂ ಮರೆತು ಬಾಗಿಲು ದೂಡಿದ.

ಒಳಗೆ ಅವ್ವ ಇದ್ದಳು. ಎಲ್ಲರೂ ಹೊರಗೆ ಬರುವಾಗ ಅವಳು ಬೀರುವಿನ ಮರೆಯಲ್ಲಿ ನಿಂತಿದ್ದಿರಬೇಕು. ಎಡೆಯ ಮುಂದೆ ಕಾಲು ಮಡಚಿ ಕೂತು, ಎರಡು ಬೆರಳ ನಡುವೆ ಬೀಡಿ ಹಿಡಿದಿದ್ದಳು. ಅಪ್ಪ ಹಿಡಿಯುತ್ತಿದ್ದ ಹಾಗೆಯೇ, ಅಂಗೈಯೊಳಗೆ ಮರೆಮಾಡಿ. ಕಣ್ಣು ಮೂಗಿನಲ್ಲೆಲ್ಲ ನೀರು. ಒಂದು ಸಲ ಎಳೆಯುವಳು, ಕೆಮ್ಮುವಳು, ಹೊಗೆಯನ್ನು ಕೋಟು ತೊಟ್ಟ ಫೋಟೋದ ಕಡೆ ಊದುವಳು. ಬೆಳ್ಳಿ ತಟ್ಟೆ ಗೋಡೆಯ ಕಡೆ ಸರಿದಿತ್ತು. ಬಾಟಲಿಯ ಮುಚ್ಚಳ ತೆಗೆದು ನೀರನ್ನು ಒಂದು ಲೋಟಕ್ಕೆ ಬಗ್ಗಿಸಿದ್ದಳು.

ಎಲ್ಲರೂ ನಿಂತದ್ದನ್ನು ನೋಡಿ ಅವಳು ನಾಚಲಿಲ್ಲ. ಹೊಲದಲ್ಲಿ ಕೆಲಸ ಮಾಡುವಾಗ ಯಾರೋ ಬಂದು ಏನು ಮಾಡುತ್ತಿದ್ದೀಯ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು: "ಬರೀ ಹಚ್ಚಿ ಇಟ್ರೆ ಆರಿ ಹೋಗ್ತೈತೆ. ಯಾರಾದ್ರೂ ಎಳೀತಾ ಇರಬೇಕು. ಅವ್ರಿಗೆ ಎಳೆಯಾಕೆ ಆಗಲ್ಲವಲ್ಲ, ಅದ್ಕೇ ನಾನೇ ಎಳೆದೆ."

ನನಗೆ ಅಳು ಬಂತು. ಗಂಡನಿಗೆ ಇದಕ್ಕಿಂತ ಚೆನ್ನಾಗಿ ಯಾರೂ ಬಡಿಸಿದ್ದನ್ನು ನಾನು ನೋಡಿಲ್ಲ. ಬೀಗರ ಮುಖದಲ್ಲೂ ಅಸಹ್ಯವೇನೂ ಇರಲಿಲ್ಲ. ಒಂದು ಗಳಿಗೆ ಸುಮ್ಮನೆ ಬಿಟ್ಟಿದ್ದರೆ ಅವರೂ ಕೈಮುಗಿಯುತ್ತಿದ್ದರೇನೋ. ಅವರ ಮನೆಯಲ್ಲೂ ಹಿರಿಯರು ಇದ್ದವರೇ, ಅವರೇನು ಹುಟ್ಟಿದಾಗಲೇ ಕಾರಿನಲ್ಲಿ ಬಂದರೇ? ಆದರೆ ಅಣ್ಣ ಬಿಡಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. ಬೀಗರ ಕಡೆ ತಿರುಗಿ, ದನಿಯಲ್ಲಿ ದುಃಖ ತುಂಬಿಕೊಂಡು ಹೇಳಿದ:

"ತಪ್ಪು ತಿಳೀಬೇಡಿ ಬೀಗರೆ. ಅಪ್ಪ ಹೋದಾಗಿನಿಂದ ಅವ್ವನಿಗೆ ತಲೆ ಸರಿ ಇಲ್ಲ. ನಿಮಗೆ ಹೇಳಬಾರದು ಅಂತಿದ್ವಿ. ಏನೇನೋ ಮಾಡ್ತಾರೆ. ಇದೆಲ್ಲಿಂದ ತಂದರೋ ಏನೋ, ನಮ್ಮ ಮನೆಯಲ್ಲಿ ಬೀಡಿ ಕಂಡೋರೇ ಇಲ್ಲ."

ನಾನು ಬಾಯಿ ತೆರೆದೆ. ತಂದವಳು ನಾನು, ಅವಳ ತಲೆ ನಿನ್ನದಕ್ಕಿಂತ ಸರಿಯಾಗಿದೆ ಎಂದು ಹೇಳಲು. ಅಷ್ಟರಲ್ಲಿ ಅವ್ವ ನನ್ನನ್ನು ನೋಡಿದಳು, ಆಮೇಲೆ ಅಣ್ಣನನ್ನು ನೋಡಿದಳು. ಅವನ ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು. ಅವ್ವ ಬೀಡಿಯನ್ನು ಎಲೆಯ ಅಂಚಿಗೆ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಬೀಗಿತಿಗೆ ಹೇಳಿದಳು:

"ಹೌದ್ರಿ ತಾಯಿ. ನಂಗೆ ತಲೆ ನೆಟ್ಟಗಿಲ್ಲ. ಏನು ಮಾಡ್ತೀನೋ ನಂಗೇ ಗೊತ್ತಾಗಲ್ಲ. ಮನ್ಸಿಗೆ ಹಚ್ಕೋಬ್ಯಾಡ್ರಿ."

ಬೀಗಿತಿ ಅಯ್ಯೋ ಪಾಪ ಎಂದು ಅವಳ ಭುಜ ಸವರಿದಳು. ಅಣ್ಣ ದೊಡ್ಡದಾಗಿ ಉಸಿರು ಬಿಟ್ಟ. ಆ ಉಸಿರಿನ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಊಟಕ್ಕೆ ಕೂತವಳು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟೆ. ಹಿತ್ತಲಿಗೆ ಎದ್ದುಹೋದೆ. ಪಂಕ್ತಿಯಲ್ಲಿ ಅಣ್ಣ ಬೀಗರಿಗೆ ತುಪ್ಪ ಬಡಿಸುತ್ತಾ, ಯಾವ ಡೇರಿಯ ತುಪ್ಪ ಎಂದು ಹೇಳುತ್ತಿದ್ದುದು ಅಲ್ಲಿಯವರೆಗೂ ಕೇಳುತ್ತಿತ್ತು.

ಸಂಜೆ ನಾನು ಬಸ್ಸಿಗೆ ಹೊರಟಾಗ ಅವ್ವ ಗೇಟಿನ ತನಕ ಬಂದಳು. ನಾನು ಅಣ್ಣನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಕೇಳಿಸಿಕೊಂಡು, "ಬೈಬ್ಯಾಡ ಬಿಡು. ಅವ್ರು ಬಂದಿದ್ರು. ನಂಗೆ ಗೊತ್ತಾಯ್ತು. ಹೊಟ್ಟೆ ತುಂಬಾ ಸೇದಿ ಹೋದ್ರು. ನಂಗೆ ಅಷ್ಟು ಸಾಕು" ಎಂದಳು. ಅವಳಿಗೆ ಬೇಕಾದದ್ದು ಅವಳಿಗೆ ಸಿಕ್ಕಿತ್ತು. ಅದಕ್ಕೆ ಏನು ತೆತ್ತಳು ಎನ್ನುವುದು ಅವಳಿಗೂ ಆ ದಿನ ಗೊತ್ತಿರಲಿಲ್ಲ.

ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಾಗುತ್ತದೆ. ಬೀಗಿತಿ ಆಗಾಗ ಫೋನ್ ಮಾಡಿ ಅವ್ವನ ಆರೋಗ್ಯ ವಿಚಾರಿಸತೊಡಗಿದಳು. ಡಾಕ್ಟರಿಗೆ ತೋರಿಸಿದ್ರಾ ಎಂದು ಕೇಳಿದಳು. ಅಣ್ಣ ತೋರಿಸಿದ. ಹೊನ್ನಾಳಿಯಲ್ಲಿ ಅಲ್ಲ, ದೂರದ ಊರಿನಲ್ಲಿ. ಇಲ್ಲದ ರೋಗಕ್ಕೂ ದೊಡ್ಡ ಹೆಸರಿನ ಆಸ್ಪತ್ರೆಯೇ ಬೇಕಾಯಿತು. ಡಾಕ್ಟರು ನೋಡಿ, ಏನೂ ಇಲ್ಲ, ವಯಸ್ಸಾಗಿದೆ, ದುಃಖ ಇದೆ ಎಂದು ಶಕ್ತಿಯ ಮಾತ್ರೆ ಬರೆದುಕೊಟ್ಟರಂತೆ. ಅಣ್ಣ ಅವ್ವನನ್ನು ಆಸ್ಪತ್ರೆಯ ಬೋರ್ಡಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆದು ಬೀಗರಿಗೆ ವಾಟ್ಸಾಪಿನಲ್ಲಿ ಕಳಿಸಿದ. ನನಗೂ ಕಳಿಸಿದ್ದ. ಅದರಲ್ಲಿ ಆಸ್ಪತ್ರೆಯ ಹೆಸರು ಪೂರ್ತಿ ಬಂದಿತ್ತು. ಅವ್ವನ ಮೊಣಕಾಲಿನಿಂದ ಕೆಳಗೆ ಬಂದಿರಲಿಲ್ಲ. ನಾನು ಫೋನನ್ನು ಅಕ್ಕಿ ಮೂಟೆಯ ಮೇಲೆ ಎಸೆದೆ. ಆಮೇಲೆ ಅಣ್ಣನಿಗೆ ಫೋನ್ ಮಾಡಿ, ನಿನ್ನ ಮನೆ ಹೊಸಿಲು ತುಳಿಯುವುದಿಲ್ಲ ಎಂದೆ. ಅವ್ವನಿಗಾಗಿ ತುಳಿದೆ.

ಮದುವೆ ಚನ್ನಗಿರಿಯಲ್ಲಿ ಆಯಿತು. ದೊಡ್ಡ ಕಲ್ಯಾಣ ಮಂಟಪ. ಅವ್ವನಿಗೆ ಅಣ್ಣ ಒಳ್ಳೆಯ ಸೀರೆ ಉಡಿಸಿದ್ದ, ಅಂಗಡಿಯ ಹೆಸರನ್ನು ನಾಲ್ಕು ಜನಕ್ಕೆ ಹೇಳಿದ್ದ. ಬೀಗಿತಿ ತನ್ನ ಕಡೆಯ ಹೆಂಗಸರನ್ನು ಕರೆದುಕೊಂಡು ಅವ್ವನ ಹತ್ತಿರ ಬಂದು, ಮಗುವಿನ ಜೊತೆ ಮಾತಾಡುವ ಹಾಗೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಕೇಳಿದಳು: "ಅಜ್ಜೀ, ಊಟ ಆಯ್ತಾ? ಇದು ಯಾರ ಮದ್ವೆ ಹೇಳ್ರಿ ನೋಡನ?" ಅವ್ವ ಸ್ವಲ್ಪ ಹೊತ್ತು ಯೋಚಿಸಿದವಳ ಹಾಗೆ ಮಾಡಿ, "ನಂದಾ?" ಎಂದಳು. ಹೆಂಗಸರೆಲ್ಲ ಪಾಪ ಪಾಪ ಎನ್ನುತ್ತಾ ನಕ್ಕರು. ನಾನು ಎದುರಿಗೇ ನಿಂತಿದ್ದೆ. ಆ ಮೊಮ್ಮಗಳ ಒಂದೊಂದು ಶಾಸ್ತ್ರವನ್ನೂ ನೆನಪಿಟ್ಟುಕೊಂಡು, ಬೆಳಗ್ಗೆ ನನ್ನ ಕೈಯಲ್ಲಿ ಮಾಡಿಸಿದ್ದವಳು ಅವ್ವನೇ.

ಅವರು ಆಚೆ ಹೋದ ಮೇಲೆ ಅವಳ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡು ಹೋದೆ. "ಯಾಕವ್ವಾ ಹಿಂಗೆ ಮಾಡ್ತೀ? ನಿಂಗೇನು ದಾಡಿ? ನೆಟ್ಟಗೆ ಉತ್ತರ ಕೊಡಾಕೆ ಏನಾಗೈತೆ?"

ಅವ್ವ ಮೊದಲು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

"ನಾನು ನೆಟ್ಟಗೆ ಮಾತಾಡಿದ್ರೆ ನಿಮ್ಮಣ್ಣ ಸುಳ್ಳ ಆಗ್ತಾನಲ್ಲೇ ಹುಚ್ಚಿ" ಎಂದಳು. "ಕೂಸು ಬಾಳಬೇಕಾದ ಮನೆ ಇದು. ನಾನು ಸಾಯೋ ತನಕ ಹಿಂಗೇ ಇದ್ರಾಯ್ತು ಬಿಡು."

ಆಚೆಯಿಂದ ಬೀಗಿತಿ "ಅಜ್ಜೀ" ಎಂದು ಕೂಗಿದಳು. ಅವ್ವ ತಲೆಯ ಮೇಲಿನ ಸೆರಗನ್ನು ತಾನೇ ಒಂದು ಪಕ್ಕಕ್ಕೆ ಜಾರಿಸಿಕೊಂಡು, ಬಾಯಿ ಅಗಲಿಸಿ ನಗುತ್ತಾ ಆ ಕಡೆ ಹೊರಟಳು.